ಪಟ್ಟಿ ಕಟ್ಟಿಕೊಂಡ ಜಾತ್ರೆ ಕಬಡ್ಡಿ

ಶ್ರಾವಣ ಬಂತು. ಬಸವನ ಬಾಗೇವಾಡಿ ಸೀಮೆಯ ಬಯಲುಗಳಲ್ಲಿ ಸುಣ್ಣದ ಗೆರೆ ಬೀಳುವ ಹೊತ್ತು. ಈ ಸಲ ಗೆಲ್ಲುವವರು ಯಾರು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಮಾತು ಬೇರೆ: ಯಾರ ಮೊಣಕಾಲು ನೆಟ್ಟಗಿದೆ?

ಸಂಜೆ ಐದರ ಹೊತ್ತು. ರಾತ್ರಿಯ ಜಿಟಿಜಿಟಿ ಮಳೆಗೆ ಎರೆಮಣ್ಣು ಇನ್ನೂ ಹಸಿ ಇದೆ. ಶಾಲೆಯ ಬಯಲಿಗೆ ಒಂದು ಟ್ರಾಲಿ ಮಣ್ಣು ಇಳಿಸಿ, ಸಲಿಕೆಯಿಂದ ಹರಡಿ, ಮೇಲೆ ನೀರು ಚಿಮುಕಿಸಿದ್ದಾರೆ. ಇಬ್ಬರು ಹಗ್ಗ ಹಿಡಿದು ನಿಂತರೆ ಮೂರನೆಯವನು ಸುಣ್ಣದ ಪುಡಿ ಉದುರಿಸುತ್ತ ನಡುಗೆರೆ ಎಳೆಯುತ್ತಾನೆ. ಮೈಕು ಕೊರಕೊರ ಅನ್ನುತ್ತಿದೆ.

ಗುಡಿಯ ಕಟ್ಟೆಯ ಮೇಲೆ ಒಬ್ಬ ಹುಡುಗ ಕಾಲು ಚಾಚಿ ಕೂತಿದ್ದಾನೆ. ಎಡ ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುತ್ತಿದ್ದಾನೆ. ಚಿಪ್ಪಿನ ಮೇಲೊಂದು ಸುತ್ತು, ಕೆಳಗೊಂದು ಸುತ್ತು, ಆಮೇಲೆ ಅಡ್ಡಡ್ಡ. ಬ್ಯಾಂಡೇಜು ಹಳೆಯದು. ತುದಿಯ ಕ್ಲಿಪ್ಪು ಎಂದೋ ಕಳೆದು, ಆ ಜಾಗಕ್ಕೆ ಸೇಫ್ಟಿ ಪಿನ್ನು ಬಂದಿದೆ. ಬಟ್ಟೆಯ ಒಳಮೈಗೆ ಅರಿಶಿನದ ಕಲೆ ಹತ್ತಿದೆ. ಹಾದುಹೋಗುವವರೆಲ್ಲ "ಹೆಂಗೈತಿ?" ಅನ್ನುತ್ತಾರೆ. ಎಲ್ಲರಿಗೂ ಅವನದು ಒಂದೇ ಉತ್ತರ: "ಏನ್ ಆಗೂದಿಲ್ರೀ, ಆಡ್ತೀನಿ."

ಜಾತ್ರೆಯ ದಿನಗಳಲ್ಲಿ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಯಾವ ಕಡೆ ಹೋದರೂ ಈ ಹುಡುಗ ಸಿಗುತ್ತಾನೆ. ಊರು ಬೇರೆ, ಹೆಸರು ಬೇರೆ. ಪಟ್ಟಿ ಮಾತ್ರ ಅದೇ, ಉತ್ತರವೂ ಅದೇ.

ಬಸವಣ್ಣನವರು ಹುಟ್ಟಿದ ಈ ಊರಿನಲ್ಲಿ ಶ್ರಾವಣವೆಂದರೆ ಮೂಲನಂದೀಶ್ವರನ ಜಾತ್ರೆ. ಜಾತ್ರೆಯೆಂದರೆ ಪಲ್ಲಕ್ಕಿಯ ಜೊತೆಗೆ ಆಟವೂ ಹೌದು. ಜಂಗೀ ನಿಕಾಲಿ ಕುಸ್ತಿಗೆ ಪೈಲ್ವಾನರು ಬರುತ್ತಾರೆ, ಭಾರದ ಕಲ್ಲು ಎತ್ತುವವರು ಬರುತ್ತಾರೆ. ಸುತ್ತಲ ಊರುಗಳಲ್ಲಿ ಕಬಡ್ಡಿಗೆ ತಕ್ಕಡಿ ಇಡುತ್ತಾರೆ. ಇಷ್ಟು ಕೆ.ಜಿ.ಯೊಳಗಿನವರು ಒಂದು ಗುಂಪು, ತೂಕದ ಹಂಗಿಲ್ಲದವರು ಇನ್ನೊಂದು. ತಕ್ಕಡಿಯ ಮೇಲೆ ನಿಂತವನ ಭಾರವನ್ನು ಇಬ್ಬರು ಕಣ್ಣಿಟ್ಟು ನೋಡುತ್ತಾರೆ, ಅರ್ಧ ಕೆ.ಜಿ. ಹೆಚ್ಚಾದರೆ ಜಗಳವೇ ಆಗುತ್ತದೆ. ಆದರೆ ಅವನು ತಕ್ಕಡಿ ಹತ್ತುವಾಗ ಕುಂಟಿದ್ದನ್ನು ಕೇಳುವವರು ಕಡಿಮೆ.

ಎರಡು ಊರು, ಎರಡು ಖಾಲಿ ಜಾಗ

ಪಂದ್ಯಕ್ಕೆ ಮುಂಚೆ ಅರಳಿಕಟ್ಟೆಯಲ್ಲಿ ನಡೆಯುವ ಲೆಕ್ಕಾಚಾರ ಕೇಳಿದರೆ ಕಬಡ್ಡಿ ಎಷ್ಟು ನಾಜೂಕಿನ ಆಟ ಎಂದು ತಿಳಿಯುತ್ತದೆ. ಎರಡು ತಂಡಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಡೋಣಿ ದಂಡೆಯ ಊರಿನದು ಅನ್ನೋಣ, ಇನ್ನೊಂದು ಆಲಮಟ್ಟಿ ಹಿನ್ನೀರಿನ ಕಡೆಯದು. ಮೊದಲ ತಂಡದಲ್ಲಿ ಎಡಮೂಲೆಯ ಆಟಗಾರ ಕಾಲು ಉಳುಕಿಸಿಕೊಂಡಿದ್ದಾನೆ. ಎರಡನೆಯದರಲ್ಲಿ ಮುಖ್ಯ ರೈಡರ್‌ನ ಭುಜ ಜಾರಿದೆ.

ಏಳೇ ಮಂದಿಯ ಆಟ ಇದು. ಒಬ್ಬ ಹೋದರೆ ಏಳರಲ್ಲಿ ಒಂದು ಪಾಲು ಹೋಯಿತು ಎಂದಷ್ಟೇ ಅಲ್ಲ, ಜೋಡಿಗಳು ಮುರಿಯುತ್ತವೆ. ಮೂಲೆಯವನು ರೈಡರ್‌ನ ಹಿಂಗಾಲಿಗೆ ಕೈ ಹಾಕಿದ ಗಳಿಗೆಯಲ್ಲೇ ಪಕ್ಕದವನು ಎದೆಗೆ ಅಡ್ಡ ಬರಬೇಕು. ಅರ್ಧ ಸೆಕೆಂಡು ತಡವಾದರೂ ಹಿಡಿದವನು ಒಬ್ಬಂಟಿ, ರೈಡರ್ ನಡುಗೆರೆ ದಾಟಿ ಆಚೆ. ವರ್ಷಗಟ್ಟಲೆ ಜೊತೆಗೆ ಆಡಿದ ಇಬ್ಬರ ನಡುವೆ ಈ ಹೊಂದಿಕೆ ಕಣ್ಸನ್ನೆಯೂ ಇಲ್ಲದೆ ನಡೆಯುತ್ತದೆ. ಹೊಸಬನನ್ನು ಆ ಜಾಗಕ್ಕೆ ನಿಲ್ಲಿಸಿದರೆ ಬಲ ಇರುತ್ತದೆ, ವೇಳೆ ತಪ್ಪುತ್ತದೆ.

ಹಾಗಾಗಿ ಮೂಲೆ ಕಳೆದುಕೊಂಡ ತಂಡ ಮುಂದೆ ನುಗ್ಗದೆ ಕಾಯುತ್ತದೆ. ರೈಡರ್ ಒಳಕ್ಕೆ ಬರಲಿ, ಆಮೇಲೆ ಸರಪಳಿ ಮುಚ್ಚೋಣ ಎನ್ನುತ್ತದೆ. ರೈಡರ್ ಇಲ್ಲದ ತಂಡ ಬೋನಸ್ ಗೆರೆಯನ್ನು ನೆಚ್ಚುತ್ತದೆ. ಎರಡು ಸಲ ಬರಿಗೈಯಲ್ಲಿ ಮರಳಿ ಮೂರನೆಯ ದಾಳಿಯಲ್ಲಿ ಸಾಹಸಕ್ಕೆ ಇಳಿಯುತ್ತದೆ. ಎರಡೂ ಕಡೆ ಎಚ್ಚರ ಹೆಚ್ಚಾದ ಪಂದ್ಯ ಇದು. ಮೊದಲರ್ಧ ನಿಧಾನಕ್ಕೆ ಸಾಗುತ್ತದೆ, ಅಂಕಗಳು ಒಂದೊಂದಾಗಿ ಬೀಳುತ್ತವೆ. ಜನ "ಏನ್ರೋ ನಿದ್ದಿ ಮಾಡಾಕತ್ತೀರಿ" ಎಂದು ಕೂಗುತ್ತಾರೆ. ಕೊನೆಯ ಐದು ನಿಮಿಷದಲ್ಲಿ ಬೆಂಚಿನ ಕಡೆ ಎಲ್ಲರ ಕಣ್ಣು ತಿರುಗುತ್ತದೆ. ಪಟ್ಟಿ ಕಟ್ಟಿದವನು ಎದ್ದು ನಿಲ್ಲುತ್ತಾನೋ, ಇಲ್ಲವೋ?

ಈ ಲೇಖನ ಹೇಳಲು ಹೊರಟಿರುವುದು ಆ ಗಳಿಗೆಯ ಬಗ್ಗೆ.

> ಚೌಕಟ್ಟಿನಲ್ಲಿ: ಅಂಗಣದ ಅಳತೆ
> ಪುರುಷರ ಅಂಗಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12 ಮತ್ತು 8. ಪುರುಷರಿಗೆ 20 ನಿಮಿಷದ ಎರಡು ಅವಧಿ. ಒಂದು ದಾಳಿಗೆ 30 ಸೆಕೆಂಡು. ಹಿರಿಯ ಪುರುಷರ ತೂಕದ ಮಿತಿ 85 ಕೆ.ಜಿ. ತಂಡದಲ್ಲಿ 12 ಮಂದಿ, ಅಂಗಣದಲ್ಲಿ 7. ಮೂವರು ಅಥವಾ ಇನ್ನೂ ಕಡಿಮೆ ಜನ ಉಳಿದಾಗ ರೈಡರ್‌ನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು.

ಕಂಠೀರವದಲ್ಲಿ ಆ ರಾತ್ರಿ

ದೊಡ್ಡ ಅಂಗಣದಲ್ಲೂ ಕಥೆ ಇದೇ. 2022ರ ಅಕ್ಟೋಬರ್, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ. ಪ್ರೊ ಕಬಡ್ಡಿಯ ಒಂಬತ್ತನೆಯ ಸೀಸನ್ ಆಗಷ್ಟೇ ಶುರುವಾಗಿತ್ತು. ಕಣದಲ್ಲಿದ್ದವನು ಪವನ್ ಸೆಹ್ರಾವತ್. ಬೆಂಗಳೂರಿನವರಿಗೆ ಆತ ಪರಕೀಯನಲ್ಲ. 2019ರ ಜನವರಿ 5ರ ಫೈನಲ್‌ನಲ್ಲಿ ಒಬ್ಬನೇ 22 ಅಂಕ ತಂದು, ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ, ಬೆಂಗಳೂರು ಬುಲ್ಸ್‌ಗೆ ಮೊದಲ ಕಪ್ ಕೊಡಿಸಿದ್ದ. ಈಗ ತಮಿಳ್ ತಲೈವಾಸ್ ಜೆರ್ಸಿ. ಹರಾಜಿನಲ್ಲಿ ಅವನಿಗೆ ಬಿದ್ದ ಬೆಲೆ 2.26 ಕೋಟಿ ರೂಪಾಯಿ. ಅಲ್ಲಿಯತನಕ ಯಾವ ಕಬಡ್ಡಿ ಆಟಗಾರನಿಗೂ ಅಷ್ಟು ದುಡ್ಡು ಸಿಕ್ಕಿರಲಿಲ್ಲ.

ಹೊಸ ತಂಡಕ್ಕೆ ಅದು ಅವನ ಮೊದಲ ಪಂದ್ಯ. ಮೊದಲರ್ಧದಲ್ಲೇ, ಎದುರಾಳಿ ರೈಡರ್‌ನನ್ನು ಹಿಡಿಯಲು ನುಗ್ಗಿದ ಪವನ್ ಮೊಣಕಾಲು ಹಿಡಿದುಕೊಂಡು ಬಿದ್ದ. ಸ್ಟ್ರೆಚರ್ ಬಂತು. ಸೀಸನ್ ಅಲ್ಲಿಗೆ ಮುಗಿಯಿತು.

ಆಮೇಲೆ ಆದದ್ದೇ ಕುತೂಹಲದ ಸಂಗತಿ. ಆ ಪಂದ್ಯ 31-31ರಲ್ಲಿ ಸಮವಾಯಿತು. ನಾಯಕನಿಲ್ಲದ ತಂಡ ಮಕಾಡೆ ಬೀಳುತ್ತದೆ ಎಂದು ಎಲ್ಲರೂ ಅಂದುಕೊಂಡಿರುವಾಗ, ಅದೇ ಸೀಸನ್‌ನಲ್ಲಿ ಹೊಸದಾಗಿ ಬಂದಿದ್ದ ನರೇಂದರ್ ಎಂಬ ಹುಡುಗ ರೈಡಿಂಗ್ ಹೊರೆ ಹೊತ್ತು 200ಕ್ಕೂ ಹೆಚ್ಚು ಅಂಕ ತಂದ. ತಲೈವಾಸ್ ತನ್ನ ಇತಿಹಾಸದಲ್ಲೇ ಮೊದಲ ಸಲ ಸೆಮಿಫೈನಲ್ ಮುಟ್ಟಿತು. ಪವನ್ ಚಿಕಿತ್ಸೆ ಪಡೆದು, ತಿಂಗಳುಗಟ್ಟಲೆ ವ್ಯಾಯಾಮ ಮಾಡಿ, 2023ರ ಅಕ್ಟೋಬರ್ 7ರಂದು ಹಾಂಗ್‌ಝೌನಲ್ಲಿ ಭಾರತದ ನಾಯಕನಾಗಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ. ಇರಾನ್ ವಿರುದ್ಧ 33-29. ಬಿದ್ದ ದಿನದಿಂದ ಗೆದ್ದ ದಿನಕ್ಕೆ ಹೆಚ್ಚುಕಡಿಮೆ ಒಂದು ವರ್ಷ.

ಆ ಒಂದು ವರ್ಷವನ್ನು ನೆನಪಿಟ್ಟುಕೊಳ್ಳಬೇಕು. ಚಿನ್ನದ ಫೋಟೊದಲ್ಲಿ ಅದು ಕಾಣುವುದಿಲ್ಲ. ಬೆಳಗಾವಿಗೆ ಹತ್ತಿರದ ಚಂದಗಡ ತಾಲ್ಲೂಕಿನ ಸಿದ್ಧಾರ್ಥ ದೇಸಾಯಿಗೂ ಭುಜದ ಗಾಯದಿಂದ ಹೀಗೇ ಹೊರಗೆ ಕೂರಬೇಕಾಯಿತು. 'ಬಾಹುಬಲಿ' ಎಂದು ಜನ ಕರೆದ ಆಳು ಅವನು. ಕಾಯುವುದು ತಪ್ಪಲಿಲ್ಲ.

'ಟಕ್' ಎಂದ ಸದ್ದು

ಮೊಣಕಾಲಿನ ಒಳಗೆ ತೊಡೆಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಕಟ್ಟಿಹಿಡಿಯುವ ಹಗ್ಗಗಳಿವೆ. ಅವುಗಳಲ್ಲಿ ಎರಡು, ಕೀಲಿನ ನಟ್ಟನಡುವೆ ಗುಣಾಕಾರದ ಗುರುತಿನಂತೆ ಒಂದನ್ನೊಂದು ದಾಟುತ್ತವೆ. ಮುಂದಿನದರ ಹೆಸರು ಎಸಿಎಲ್. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಕೀಲು ತಿರುಚದಂತೆ ತಡೆಯುವುದು ಅದರ ಕೆಲಸ.

ರೈಡರ್ ಏನು ಮಾಡುತ್ತಾನೆ ಎಂದು ನೋಡಿ. ಓಡುತ್ತ ಬಂದು ಥಟ್ಟನೆ ನಿಲ್ಲುತ್ತಾನೆ. ಊರಿದ ಕಾಲಿನ ಮೇಲೆ ಮೈ ತಿರುಗಿಸುತ್ತಾನೆ. ಅದೇ ಗಳಿಗೆಯಲ್ಲಿ ಯಾರೋ ಪಾದ ಹಿಡಿದಿರುತ್ತಾರೆ, ಇನ್ಯಾರೋ ಸೊಂಟಕ್ಕೆ ಡ್ಯಾಶ್ ಕೊಟ್ಟಿರುತ್ತಾರೆ. ಪಾದ ಅಲ್ಲೇ, ಮೈ ಇನ್ನೆಲ್ಲೋ. ನಡುವೆ ಸಿಕ್ಕ ಮೊಣಕಾಲು ತಿರುಚುತ್ತದೆ. ಎಸಿಎಲ್ ಹರಿಯುವಾಗ ಅನೇಕರಿಗೆ ಒಳಗೆ 'ಟಕ್' ಎಂದು ಕೇಳಿಸುತ್ತದೆ. ಕೆಲವೇ ಗಂಟೆಯಲ್ಲಿ ಕೀಲು ಊದುತ್ತದೆ.

ಮಣ್ಣಿನ ಅಂಗಣದಲ್ಲಿ ಕಾಲು ಜಾರುತ್ತದೆ, ಚರ್ಮ ಕೆತ್ತಿಹೋಗುತ್ತದೆ. ಮ್ಯಾಟಿನ ಮೇಲೆ ಚರ್ಮ ಉಳಿಯುತ್ತದೆ, ಆದರೆ ಬೂಟು ಕಚ್ಚಿ ನಿಲ್ಲುವುದರಿಂದ ತಿರುಚಿನ ಬಲವೆಲ್ಲ ಮೊಣಕಾಲಿಗೆ ಹೋಗುತ್ತದೆ. ಮಣ್ಣಿನಲ್ಲಿ ಆಡಿ ಬೆಳೆದವನು ನೇರವಾಗಿ ಮ್ಯಾಟಿಗೆ ಹೋದಾಗ ಎಚ್ಚರ ಬೇಕಾಗುವುದು ಇದಕ್ಕೇ.

ಇಲ್ಲಿ ಒಂದು ಮೋಸವಿದೆ, ಅದನ್ನು ಪ್ರತಿ ತಂಡದ ಹಿರಿಯರೂ ತಿಳಿದಿರಬೇಕು. ಊತ ಎರಡು ಮೂರು ವಾರಕ್ಕೆ ಇಳಿಯುತ್ತದೆ. ನೋವೂ ಕಡಿಮೆಯಾಗುತ್ತದೆ. ನೇರ ನಡೆದರೆ, ನೇರ ಓಡಿದರೂ, ಏನೂ ಆಗುವುದಿಲ್ಲ. ಹುಡುಗ "ಆರಾಮಾತು" ಎನ್ನುತ್ತಾನೆ. ಹರಿದ ಹಗ್ಗ ಮಾತ್ರ ಹರಿದೇ ಇರುತ್ತದೆ. ಅರಿಶಿನ-ಸುಣ್ಣದ ಪಟ್ಟು ಚರ್ಮದ ಮೇಲೆ ಬಿಸಿ ಕೊಟ್ಟೀತು, ಕೀಲಿನ ಒಳಗೆ ಹರಿದದ್ದನ್ನು ಜೋಡಿಸದು. ಉಳುಕು ತೆಗೆಯುತ್ತೇವೆಂದು ಊದಿದ ಮೊಣಕಾಲನ್ನು ಎಳೆದು ತಿಕ್ಕಿದರೆ ಕೆಡುವುದೇ ಹೆಚ್ಚು. ಮುಂದಿನ ಪಂದ್ಯದಲ್ಲಿ ಅವನು ಮತ್ತೆ ಮೈ ತಿರುಗಿಸಿದಾಗ ಕೀಲು ಕುಸಿಯುತ್ತದೆ. ಆಗ ಎರಡು ಮೂಳೆಗಳ ನಡುವಿನ ಮೆತ್ತೆಯಂಥ ಮೆನಿಸ್ಕಸ್ ಕೂಡ ಹರಿಯಬಹುದು. ಮೊದಲ ಗಾಯ ಆಟದ್ದು, ಎರಡನೆಯದು ಅವಸರದ್ದು.

ಕೀಲು ಪದೇ ಪದೇ ಕುಸಿಯುವವರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನೋ ಮೊಣಚಿಪ್ಪಿನ ಕೆಳಗಿನದನ್ನೋ ತೆಗೆದು ಹೊಸ ಹಗ್ಗ ಕೂರಿಸುತ್ತಾರೆ. ಆಮೇಲೆ ಅಂಗಣಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಅದಕ್ಕೂ ಮುಂಚೆ ಇಳಿದವರಲ್ಲಿ ಮತ್ತೆ ಗಾಯವಾಗುವ ಸಂಭವ ಬಹಳ ಹೆಚ್ಚು. ಹೆಣ್ಣುಮಕ್ಕಳಲ್ಲಿ ಈ ಗಾಯದ ಅಪಾಯ ಇನ್ನೂ ಜಾಸ್ತಿ. ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಅವರಂಥ ಅರ್ಜುನ ಪ್ರಶಸ್ತಿ ಪಡೆದ ಆಟಗಾರ್ತಿಯರನ್ನು ಕೊಟ್ಟ ರಾಜ್ಯ ಇದು. ಶಾಲೆಯ ಹುಡುಗಿಯರ ತಂಡ ಕಟ್ಟುವ ಪಿಟಿ ಮೇಷ್ಟ್ರುಗಳು ಇದನ್ನು ಮೊದಲು ಗಮನಿಸಬೇಕು.

ದೂರದ ಮೆಲ್ಬರ್ನ್‌ನ ಒಂದು ಪಟ್ಟಿ

ಸಮುದ್ರದಾಚೆ ಇನ್ನೊಂದು ಆಟವಿದೆ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ, ಒಂದೊಂದು ಕಡೆ 18 ಜನ. ಇದರ ಮೊದಲ ನಿಯಮಗಳನ್ನು ಮೆಲ್ಬರ್ನ್‌ನಲ್ಲಿ ಬರೆದದ್ದು 1859ರಲ್ಲಿ. ಚೆಂಡು ಹಿಡಿಯಲು ಇನ್ನೊಬ್ಬನ ಬೆನ್ನ ಮೇಲೆ ಹತ್ತಿ ಜಿಗಿಯುತ್ತಾರೆ. ಹೆಲ್ಮೆಟ್ಟೂ ಇಲ್ಲ, ಕವಚವೂ ಇಲ್ಲ. ಮೊಣಕಾಲು, ತೊಡೆಸ್ನಾಯು, ಭುಜ, ತಲೆ, ಪೆಟ್ಟು ಬೀಳದ ಜಾಗವಿಲ್ಲ.

ಆ ಆಟದ ದೊಡ್ಡ ಲೀಗಿನಲ್ಲಿ ಪ್ರತಿ ವಾರ ಒಂದು ಪಟ್ಟಿ ಹೊರಬೀಳುತ್ತದೆ. ಎಲ್ಲ ತಂಡಗಳ ಗಾಯಾಳುಗಳ ಪಟ್ಟಿ. ಆಟಗಾರನ ಹೆಸರು, ಪೆಟ್ಟು ಎಲ್ಲಿ, ಮರಳಲು ಎಷ್ಟು ವಾರ. ಕೆಲವರ ಮುಂದೆ 'ಎರಡು ವಾರ', ಕೆಲವರ ಮುಂದೆ 'ಈ ಸೀಸನ್ ಇಲ್ಲ'. ಪಂದ್ಯದ ಮುನ್ನೋಟ ಬರೆಯುವವರು ಮೊದಲು ತೆರೆಯುವುದು ಆ ಪಟ್ಟಿಯನ್ನೇ. ಎರಡೂ ಕಡೆ ಆರೇಳು ಮಂದಿ ಹೊರಗಿರುವ ಪಂದ್ಯವಾದರೆ ಚರ್ಚೆಯೆಲ್ಲ ಅದರ ಸುತ್ತಲೇ. ತಲೆಗೆ ಪೆಟ್ಟು ಬಿದ್ದು ಮೆದುಳು ಅಲುಗಿದೆ ಎಂದು ವೈದ್ಯರು ಹೇಳಿದರೆ ಕನಿಷ್ಠ 12 ದಿನ ಅವನು ಆಡುವಂತಿಲ್ಲ. 2021ರಿಂದ ಇದು ನಿಯಮ. ಆಟಗಾರ ಎಷ್ಟೇ ಹಟ ಮಾಡಲಿ, ಅಭಿಮಾನಿಗಳು ಎಷ್ಟೇ ಕೂಗಲಿ, ತೀರ್ಮಾನ ವೈದ್ಯರದು.

ಆ ಆಟಕ್ಕೂ ನಮ್ಮ ಕಬಡ್ಡಿಗೂ ನಂಟು ಬೆಳೆದಿದೆ ಎಂದರೆ ಬಾಗೇವಾಡಿಯ ಹುಡುಗರು ಹುಬ್ಬೇರಿಸಬಹುದು. 2016ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ಕಬಡ್ಡಿ ವಿಶ್ವಕಪ್ ನಡೆದಾಗ ಆಸ್ಟ್ರೇಲಿಯಾ ತಂಡದ ನಾಯಕನಾಗಿದ್ದವನು ಕ್ಯಾಂಪ್ಬೆಲ್ ಬ್ರೌನ್. 2008ರಲ್ಲಿ ಹಾಥಾರ್ನ್ ತಂಡದೊಂದಿಗೆ ಆ ಫುಟ್‌ಬಾಲ್‌ನ ಚಾಂಪಿಯನ್ ಪಟ್ಟ ಗೆದ್ದಿದ್ದ ಆಟಗಾರ. ಮೈಬಲಕ್ಕೆ ಕೊರತೆಯಿರಲಿಲ್ಲ. ಆದರೂ ಭಾರತದ ಎದುರು ಅವರು 54-20ರಿಂದ ಸೋತರು. ಬಲ ಒಂದರಿಂದ ಕಬಡ್ಡಿ ಬರುವುದಿಲ್ಲ, ನಮ್ಮ ಹುಡುಗರಲ್ಲಿರುವ ಆ ವೇಳೆಯ ಪ್ರಜ್ಞೆ ಬೇಕು. ಅವರ ಆಟವನ್ನು ನಾವು ಕಲಿಯಬೇಕಾಗಿಲ್ಲ. ಆ ಗಾಯಾಳುಗಳ ಪಟ್ಟಿಯನ್ನು ಮಾತ್ರ ಕಲಿಯಬೇಕು.

ಬ್ಯಾಂಡೇಜಿನ ಚಿತ್ರ, ಮರೆತುಹೋದ ವಿಮಾನ

ಗಾಯಗೊಂಡೂ ಆಡುವವನ ಮೇಲೆ ನಮಗೆ ಎಲ್ಲಿಲ್ಲದ ಪ್ರೀತಿ. ಅದಕ್ಕೆ ಕಾರಣಗಳೂ ಇವೆ. 1976ರಲ್ಲಿ ಜಮೈಕಾದ ಸಬೀನಾ ಪಾರ್ಕಿನಲ್ಲಿ ವೆಸ್ಟ್ ಇಂಡೀಸ್ ವೇಗಿಗಳ ಎದುರು ಭಾರತದ ಎರಡನೆಯ ಇನಿಂಗ್ಸ್ 97ಕ್ಕೆ ಮುಗಿದದ್ದು ಐದೇ ವಿಕೆಟ್ ಬಿದ್ದು. ಮಿಕ್ಕ ಐವರು ಗಾಯಗೊಂಡು ಬ್ಯಾಟು ಹಿಡಿಯಲಿಲ್ಲ. ಆ ಐವರಲ್ಲಿ ಮೂವರು ಕರ್ನಾಟಕದವರು: ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್, ಬಿ.ಎಸ್. ಚಂದ್ರಶೇಖರ್. ಪ್ರವಾಸಕ್ಕೆ ಹೋದ 17 ಮಂದಿಯೂ ಆ ಪಂದ್ಯದಲ್ಲಿ ಒಂದಲ್ಲ ಒಂದು ಹೊತ್ತು ಮೈದಾನಕ್ಕೆ ಇಳಿಯಬೇಕಾಯಿತು.

2002ರ ಮೇ ತಿಂಗಳಿನ ಆಂಟಿಗಾ ಯಾರಿಗೆ ನೆನಪಿಲ್ಲ? ಮರ್ವಿನ್ ಡಿಲನ್ ಎಸೆತಕ್ಕೆ ಅನಿಲ್ ಕುಂಬ್ಳೆಯವರ ದವಡೆ ಮುರಿಯಿತು. ಮುಖಕ್ಕೆಲ್ಲ ಪಟ್ಟಿ ಸುತ್ತಿಕೊಂಡು ಬಂದು ಸತತ 14 ಓವರ್ ಎಸೆದು ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಆ ಚಿತ್ರ ಎಷ್ಟೋ ಮನೆಗಳಲ್ಲಿ ಇಂದಿಗೂ ಮಾತಿಗೆ ಬರುತ್ತದೆ. ಬರಲೇಬೇಕು, ಅದು ಬರಬೇಕಾದ ಚಿತ್ರವೇ.

ಆದರೆ ಕಥೆಯ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಮರುದಿನ ಕುಂಬ್ಳೆ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿನ ದಾರಿ ಹಿಡಿದರು. ಮುಂದಿನ ಟೆಸ್ಟ್ ಆಡಲಿಲ್ಲ. ಜೊತೆಗೆ ವೈದ್ಯರಿದ್ದರು, ದವಡೆ ಕೂಡಿಕೊಳ್ಳಲು ಸಮಯವಿತ್ತು.

ಬಾಗೇವಾಡಿಯ ಕಟ್ಟೆಯ ಮೇಲೆ ಪಟ್ಟಿ ಸುತ್ತಿಕೊಳ್ಳುವ ಹುಡುಗನಿಗೆ ಆ ಚಿತ್ರದ ಮೊದಲರ್ಧ ಮಾತ್ರ ದಕ್ಕಿದೆ. ಅವನಿಗೆ ಮರುದಿನದ ವಿಮಾನ ಇಲ್ಲ. ಮರುದಿನ ಅವನಿಗಿರುವುದು ಕೆಲಸ. ಉಳ್ಳಾಗಡ್ಡಿ ಚೀಲ ಲಾರಿಗೆ ಏರಿಸಬೇಕು, ದ್ರಾಕ್ಷಿ ತೋಟದ ಚಪ್ಪರದಡಿ ಬಾಗಿ ನಡೆಯಬೇಕು, ಟ್ರ್ಯಾಕ್ಟರ್‌ನ ಕ್ಲಚ್ಚು ಒತ್ತಬೇಕು. ಸುಗ್ಗಿ ಬಂದರೆ ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಊರು ಬಿಡಬೇಕು. ಈ ಎಲ್ಲ ಕೆಲಸಕ್ಕೂ ಬೇಕಾದದ್ದು ಅದೇ ಎಡ ಮೊಣಕಾಲು. ಪ್ರೊ ಕಬಡ್ಡಿಯ ಆಟಗಾರನಿಗೆ ಮೊಣಕಾಲು ಹೋದರೆ ಸೀಸನ್ ಹೋಗುತ್ತದೆ. ಇವನಿಗೆ ಮನೆಯ ಜೋಳದ ಚೀಲ ಖಾಲಿಯಾಗುತ್ತದೆ. ಇಷ್ಟು ದೊಡ್ಡದನ್ನು ಪಣಕ್ಕಿಟ್ಟು ಅವನು ಆಡುವುದು ಊರ ಹೆಸರಿಗಾಗಿ. ಅವನ ಧೈರ್ಯವನ್ನು ಹೊಗಳುವ ಊರು ಅವನ ಕಾಲನ್ನೂ ಕಾಯಬೇಕು.

> ಚೌಕಟ್ಟಿನಲ್ಲಿ: ಅಂಗಣದಲ್ಲೇ ಕಾಲು ತಿರುಚಿದರೆ
> ಆಟ ಅಲ್ಲಿಗೇ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಡಿ, ಬರಿ ಚರ್ಮಕ್ಕೆ ಬೇಡ. ಹದವಾಗಿ ಪಟ್ಟಿ ಕಟ್ಟಿ, ಕಾಲು ಎತ್ತರದಲ್ಲಿಡಿ. ಮೊದಲ ಎರಡು ದಿನ ತಿಕ್ಕುವುದು, ಎಳೆಯುವುದು, ಬಿಸಿ ಶಾಖ ಯಾವುದೂ ಬೇಡ. 'ಟಕ್' ಸದ್ದು, ಬೇಗ ಬಂದ ಊತ, ಭಾರ ಹಾಕಲಾಗದ ಕಾಲು: ಇವುಗಳಲ್ಲಿ ಒಂದಿದ್ದರೂ ಮೂಳೆ ವೈದ್ಯರನ್ನು ಕಾಣಬೇಕು. ತಲೆಗೆ ಪೆಟ್ಟು ಬಿದ್ದು ತಲೆ ಸುತ್ತಿದರೆ, ವಾಂತಿಯಾದರೆ, ಮಾತು ತಡವರಿಸಿದರೆ 108ಕ್ಕೆ ಕರೆ ಮಾಡಿ.

ಒಂದು ಟೇಬಲ್ಲು, ಒಂದು ಐಸ್ ಡಬ್ಬಿ

ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ತಕ್ಕಡಿಯ ಪಕ್ಕದಲ್ಲೇ ಇನ್ನೊಂದು ಟೇಬಲ್ಲು ಹಾಕಿ, ತೂಕ ಬರೆದುಕೊಂಡ ಹಾಗೆ ಗಾಯವನ್ನೂ ಬರೆದುಕೊಳ್ಳಬಹುದು. ಈ ವರ್ಷ ಪೆಟ್ಟು ಬಿದ್ದಿತ್ತೇ, ಎಲ್ಲಿ, ಈಗ ಒಂಟಿ ಕಾಲಲ್ಲಿ ಬಾಗಿ ನಿಲ್ಲಬಲ್ಲನೇ, ಒಂಟಿ ಕಾಲಲ್ಲಿ ನಾಲ್ಕು ಸಲ ಜಿಗಿಯಬಲ್ಲನೇ? ಜಿಗಿಯುವಾಗ ಮುಖ ಕಿವುಚಿದರೆ ಅವನು ಆ ದಿನ ಹೊರಗೆ. ಹೇಗೂ ತಂಡದಲ್ಲಿ ಬದಲಿ ಆಟಗಾರರು ಇರುವುದು ಅದಕ್ಕೇ.

ಜೊತೆಗೆ ಆಟದ ಮುಂಚಿನ 20 ನಿಮಿಷ. ಫುಟ್‌ಬಾಲ್ ಆಟಗಾರರಿಗಾಗಿ ಫಿಫಾ ರೂಪಿಸಿದ '11 ಪ್ಲಸ್' ಎಂಬ ಮೈ ಬಿಸಿಮಾಡುವ ಕ್ರಮ ಅಷ್ಟೇ ಹೊತ್ತಿನದು. ಮೆಲ್ಲನೆ ಓಟ, ತೊಡೆಗೆ ಬಲ ಕೊಡುವ ವ್ಯಾಯಾಮ, ಒಂಟಿ ಕಾಲಿನ ಸಮತೋಲ, ಜಿಗಿದು ಮೊಣಕಾಲು ಒಳಕ್ಕೆ ವಾಲದಂತೆ ಇಳಿಯುವ ಅಭ್ಯಾಸ. ನಿಯಮಿತವಾಗಿ ಮಾಡಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಇಳಿದಿವೆ. ಗರಡಿಮನೆಯ ಹಿರಿಯರಿಗೆ ಇದು ಹೊಸತೇನಲ್ಲ. ಬೈಠಕ್ ಹೊಡೆಯದೆ ಪೈಲ್ವಾನನನ್ನು ಮಣ್ಣಿಗೆ ಇಳಿಸುವ ಉಸ್ತಾದ ಈ ಸೀಮೆಯಲ್ಲಿ ಯಾರಿದ್ದಾರೆ? ಕುಸ್ತಿಗೆ ಇರುವ ಆ ಶಿಸ್ತು ಕಬಡ್ಡಿಗೂ ಬರಬೇಕು. ಬೈಕಿನಿಂದ ಇಳಿದು, ಪ್ಯಾಂಟು ಕಳಚಿ ಚಡ್ಡಿಯಲ್ಲಿ ನೇರ ಅಂಗಣಕ್ಕೆ ಜಿಗಿಯುವ ಪದ್ಧತಿ ನಿಲ್ಲಬೇಕು.

ಆಸ್ಪತ್ರೆಯ ಖರ್ಚಿನ ಹೆದರಿಕೆಯಿಂದಲೇ ಎಷ್ಟೋ ಹುಡುಗರು ಗಾಯ ಮುಚ್ಚಿಡುತ್ತಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಬೇಕು, ತನ್ನ ಚಿಕಿತ್ಸೆ ಯೋಜನೆಯಲ್ಲಿ ಸೇರುತ್ತದೆಯೇ ಎಂದು ಅಲ್ಲೇ ಕೇಳಿ ತಿಳಿಯಬೇಕು. ತಂಡದ ಹಿರಿಯರೊಬ್ಬರು ಜೊತೆಗೆ ಹೋದರೆ ಆ ಹುಡುಗನ ಅರ್ಧ ಭಯ ಹೋಗುತ್ತದೆ. ಶೀಲ್ಡು ಕೊಡಿಸುವ ದಾನಿಗಳ ಪಟ್ಟಿಯಲ್ಲಿ ಐಸ್ ಡಬ್ಬಿ ಕೊಡಿಸುವವರ ಹೆಸರನ್ನೂ ಮೈಕಿನಲ್ಲಿ ಕೂಗಬಹುದು.

ಹಾಗಾದರೆ, ಗೆಲ್ಲುವವರು ಯಾರು?

ಮೂಲೆ ಕಳೆದುಕೊಂಡ ಡೋಣಿ ದಂಡೆಯವರೋ, ರೈಡರ್ ಕಳೆದುಕೊಂಡ ಹಿನ್ನೀರಿನವರೋ? ಅರಳಿಕಟ್ಟೆಯ ಲೆಕ್ಕ ಎರಡು ಪಾಲಾಗಿದೆ. ಆಟ ಬಲ್ಲವರ ಒಲವು ಮೊದಲ ತಂಡದ ಕಡೆಗೆ. ಮೂಲೆಯನ್ನು ಇಬ್ಬರು ಸೇರಿ ಮುಚ್ಚಬಹುದು, ರೈಡಿಗೆ ಒಬ್ಬನೇ ಹೋಗಬೇಕು. ಆದರೆ ಹಿನ್ನೀರಿನ ತಂಡದ ಬೆಂಚಿನಲ್ಲಿ ಹದಿನೆಂಟರ ಒಬ್ಬ ಹೊಸ ಹುಡುಗ ಕೂತಿರುತ್ತಾನೆ. ಯಾರೂ ಅವನ ಆಟ ನೋಡಿಲ್ಲ. ತಲೈವಾಸ್‌ಗೆ ನರೇಂದರ್ ಸಿಕ್ಕಿದ್ದೂ ಹೀಗೆ, ದೊಡ್ಡವನೊಬ್ಬ ಹೊರಗೆ ಕೂತಾಗ.

ಟಾಸ್ ಆಗುತ್ತದೆ. ಹೊಸ ಹುಡುಗ ನಡುಗೆರೆಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಳ್ಳುತ್ತಾನೆ. ಎದುರು ಕಡೆ ಗೆರೆಯ ಹೊರಗೆ, ನೆಲಕ್ಕೆ ಹಾಸಿದ ಗೋಣಿಚೀಲದ ಮೇಲೆ, ಎಡಮೂಲೆಯ ಆಟಗಾರ ಕಾಲು ಚಾಚಿ ಕೂತಿದ್ದಾನೆ. ಮೊಣಕಾಲಿನ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಐಸು ಕರಗಿ ಮಣ್ಣಿಗೆ ತೊಟ್ಟಿಕ್ಕುತ್ತಿದೆ. ಅವನ ಜಾಗದಲ್ಲಿ ನಿಂತವನು ಒಂದು ಹೆಜ್ಜೆ ಮುಂದೆ ಬಂದುಬಿಟ್ಟಿದ್ದಾನೆ.

"ಹಿಂದ ಸರಿಯೋ," ಎಂದು ಕೂತಲ್ಲಿಂದಲೇ ಕೂಗುತ್ತಾನೆ. "ಅವ ಒಳಗ ಬರ್ಲಿ. ಆಮ್ಯಾಲ ಹಿಡಿ."